ಪಾಷಾಣ ಎಂಬ ಮಾತಿನ ಎರಡು ಅರ್ಥ

ಸಂಸ್ಕೃತದಿಂದ ನಾವು ಕಡ ತಂದ ಪದಗಳಲ್ಲಿ ‘ಪಾಷಾಣ’ ಎಂಬುದೊಂದು. ಮೂಲದಲ್ಲಿ ಅದರ ಅರ್ಥ ಕಲ್ಲು, ಅಷ್ಟೆ. ನಮ್ಮ ಪಂಡಿತರ ಬರವಣಿಗೆಯಲ್ಲಿ ಅದು ಕಲ್ಲಾಗಿಯೇ ಉಳಿಯಿತು; ಜನರ ಬಾಯಲ್ಲಿ ಮಾತ್ರ ವಿಷವಾಯಿತು. ಪಾಷಾಣಹೃದಯ ಎಂದರೆ ಕಲ್ಲೆದೆ. ಇಲಿಪಾಷಾಣ ಎಂದರೆ ಇಲಿಯನ್ನು ಕೊಲ್ಲುವ ಮದ್ದು. ಈ ಎರಡು ಅರ್ಥಗಳ ನಡುವೆ ಸೇತುವೆ ಕಟ್ಟಿದವರು ರಸವೈದ್ಯರೆಂದು ತೋರುತ್ತದೆ. ಹರಿದಳ, ಮಣಿಶಿಲೆ, ಶಂಖಪಾಷಾಣ ಎಂದು ಅವರು ಕರೆದ ದ್ರವ್ಯಗಳು ನೋಡಲು ಕಲ್ಲು, ಗುಣದಲ್ಲಿ ವಿಷ. ಇಂದು ನಾವು ಆರ್ಸೆನಿಕ್ ಎಂದು ಹೇಳುವ ಧಾತು ಈ ಮೂರರಲ್ಲಿಯೂ ಇದೆ. ಹಸ್ತಪ್ರತಿಗಳಲ್ಲಿ ತಪ್ಪಿದ ಅಕ್ಷರವನ್ನು ಮರೆಸಲು ಹಳದಿಯಾದ ಹರಿದಳವನ್ನು ಬಳಿಯುತ್ತಿದ್ದರು. ಅಂಥ ಪ್ರತಿಗಳ ಹಾಳೆ ತಿರುವುವಾಗ ಬೆರಳನ್ನು ನಾಲಗೆಗೆ ಮುಟ್ಟಿಸಬಾರದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದು ವಾಡಿಕೆ.

ಕಲ್ಲು ಮತ್ತು ವಿಷ ಒಂದೇ ಪದದಲ್ಲಿ ಕೂಡಿ ಬಾಳುವುದು ಭಾಷೆಯ ಚಮತ್ಕಾರ ಮಾತ್ರವಲ್ಲ. ಅದರ ಹಿಂದೆ ನೆಲದ ಸತ್ಯವೊಂದಿದೆ. ಕಲ್ಲು ಶಿಥಿಲವಾಗಿ ಮಣ್ಣಾಗುವಾಗ ಅದರೊಳಗಣ ಲೋಹಗಳು ಎಲ್ಲಿಗೆ ಹೋಗುತ್ತವೆ, ಯಾವಾಗ ಅವು ನಮ್ಮ ಅನ್ನಕ್ಕೂ ನೀರಿಗೂ ಬಂದು ಸೇರುತ್ತವೆ ಎಂಬುದು ಈ ಹೊತ್ತಿನ ನನ್ನ ವಿಷಯ. ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ಶಾಸನ ಓದುವವನು ಅಕ್ಷರವನ್ನು ನೋಡುವಷ್ಟೇ ಕಲ್ಲನ್ನೂ ನೋಡಬೇಕಾಗುತ್ತದೆ. ನೋಡುತ್ತ ನೋಡುತ್ತ ಕಲ್ಲು ತನ್ನದೇ ಕಥೆಯನ್ನು ಹೇಳತೊಡಗುತ್ತದೆ. ನನ್ನ ವಿಷಯದಲ್ಲಿ ಆ ಕಲ್ಲು ಬಾಗಳಿಯದು.

ಹರಪನಹಳ್ಳಿಗೆ ಸಮೀಪದ ಬಾಗಳಿಯನ್ನು ತಮ್ಮಲ್ಲಿ ಹಲವರು ಕಂಡಿರಬಹುದು. ಆ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸದಾಗಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿತು. ಊರು ಮಾತ್ರ ಇದ್ದಲ್ಲಿಯೇ ಇದೆ. ಹತ್ತು, ಹನ್ನೊಂದನೆಯ ಶತಮಾನಗಳಲ್ಲಿ ಬಲ್ಗುಳಿ ಎಂಬ ಹೆಸರಿನಿಂದ ವಿದ್ಯಾವಂತರ ನೆಲೆಯಾಗಿದ್ದ ಊರಿದು. ಇಲ್ಲಿನ ಕಲ್ಲೇಶ್ವರ ದೇವಾಲಯ ರಾಷ್ಟ್ರಕೂಟರ ಕೊನೆಗಾಲದಿಂದ ಕಲ್ಯಾಣದ ಚಾಲುಕ್ಯರ ಮೊದಲ ಕಾಲಕ್ಕೆ ದಾಟುವ ಹೊಸ್ತಿಲಿನ ಮೇಲೆ ನಿಂತಿದೆ. 987ರ ಶಾಸನ ದುಗ್ಗಿಮಯ್ಯನ ಹೆಸರನ್ನು ಹೇಳುತ್ತದೆ. ಆಗ ಆಳುತ್ತಿದ್ದವನು ಎರಡನೆಯ ತೈಲಪ. ಐವತ್ತು ಕಂಬಗಳ ತೆರೆದ ಮಂಟಪದಲ್ಲಿ ಕುಳಿತರೆ ಹೊರಗಿನ ಉರಿಬಿಸಿಲು ಯಾವುದೋ ಬೇರೆ ಊರಿನದೆನಿಸುತ್ತದೆ. ಕಲ್ಲೇಶ್ವರ ಎಂಬ ಹೆಸರಿನಲ್ಲಿ ಜನರ ಕಿವಿಗೆ ‘ಕಲ್ಲು’ ಕೇಳಿಸುವುದು ಸಹಜ. ವ್ಯುತ್ಪತ್ತಿಯ ಜಗಳವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ.

ಆ ಗುಡಿಯ ಕಲ್ಲು ಬಳಪದ ಕಲ್ಲು. ಉಗುರಿನಿಂದ ಗೀರಿದರೆ ಗೆರೆ ಮೂಡುವಷ್ಟು ಮೃದು. ಕಂಬಗಳನ್ನು ಚಕ್ರದ ಮೇಲೆ ಕಡೆದಂತೆ ದುಂಡಾಗಿಸಲು, ಮಣಿಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಲು ಶಿಲ್ಪಿಗೆ ಒದಗಿದ್ದು ಈ ಮೃದುತ್ವವೇ. ಮುಂದೆ ಹೊಯ್ಸಳರು ಇದೇ ಜಾತಿಯ ಕಲ್ಲಿನಲ್ಲಿ ಏನು ಮಾಡಿದರೆಂಬುದನ್ನು ಬೇಲೂರು ಹಳೇಬೀಡುಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಕನ್ನಡದ ಬರವಣಿಗೆಗೂ ಈ ಕಲ್ಲಿಗೂ ಇನ್ನೊಂದು ನಂಟಿದೆ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಲಿನ ಕಪ್ಪನ್ನು ಬಳಿದು ಮಡಿಸಿ ಮಾಡಿದ ಕಡತಗಳಲ್ಲಿ ನಮ್ಮ ವರ್ತಕರೂ ಶಾನುಭೋಗರೂ ಲೆಕ್ಕ ಬರೆದದ್ದು ಬಳಪದಿಂದ. ನನ್ನ ತಲೆಮಾರಿನವರು ಅಕ್ಷರ ತಿದ್ದಿದ್ದೂ ಪಾಟಿಯ ಮೇಲೆ ಬಳಪದಿಂದಲೇ. ಬಳಪ ತಿಂದು ಏಟು ತಿಂದವರೂ ನಮ್ಮಲ್ಲಿ ಉಂಟು.

ಬಳಪದ ಕಲ್ಲಿನ ಹುಟ್ಟು ಕುತೂಹಲಕರವಾದದ್ದು. ಭೂಮಿಯ ಒಡಲಾಳದಿಂದ ಬಂದ, ಮೆಗ್ನೀಸಿಯಂ ಮತ್ತು ಕಬ್ಬಿಣ ತುಂಬಿದ, ಕಪ್ಪುಹಸಿರಿನ ಭಾರವಾದ ಶಿಲೆಗಳು ಶಾಖ, ಒತ್ತಡ, ಬಿಸಿನೀರುಗಳಿಗೆ ಸಿಕ್ಕಿ ಮೈ ಬದಲಿಸಿದಾಗ ಅವುಗಳಿಂದ ಬಳಪದ ಕಲ್ಲು ಹುಟ್ಟುವುದುಂಟು. ಧಾರವಾಡ ಪದರಶಿಲೆಗಳೆಂದು ಭೂವಿಜ್ಞಾನಿಗಳು ಕರೆಯುವ ನಮ್ಮ ನಾಡಿನ ಪುರಾತನ ಪಟ್ಟಿಗಳಲ್ಲಿ ಇಂಥ ಶಿಲೆಗಳಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಶಿಲೆಗಳಿಗೆ ಧಾರವಾಡದ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯನ್ನೆಲ್ಲ ಸುತ್ತಿ, ಅದರ ಭೂರಚನೆಯ ಮೇಲೆ 1895ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ. ಹರಪನಹಳ್ಳಿ ಆಗ ಮದರಾಸು ಆಧಿಪತ್ಯದ ಆ ಜಿಲ್ಲೆಗೆ ಸೇರಿತ್ತು. ಶಿಲಾಯುಗದ ಕೊಡಲಿಗಳನ್ನು ಹುಡುಕಿದ ಕಣ್ಣೂ ಶಿಲೆಯ ಪದರವನ್ನು ಗುರುತಿಸಿದ ಕಣ್ಣೂ ಆತನಲ್ಲಿ ಒಂದೇ ಆಗಿತ್ತು.

ಈ ಕಪ್ಪುಹಸಿರು ಶಿಲೆಗಳ ವಿಶೇಷವೆಂದರೆ ಅವುಗಳ ಲೋಹಸಂಪತ್ತು. ಸಾಧಾರಣ ಗ್ರಾನೈಟಿನ ಹತ್ತು ಲಕ್ಷ ಪಾಲಿನಲ್ಲಿ ನಿಕ್ಕಲ್ ಸುಮಾರು ಹತ್ತು ಪಾಲನ್ನೂ ಮುಟ್ಟುವುದಿಲ್ಲ. ಇವುಗಳಲ್ಲಿ ಅದು 2000 ಪಾಲಿನ ಆಸುಪಾಸಿನಲ್ಲಿರುತ್ತದೆ. ಕ್ರೋಮಿಯಂ ಕೂಡ ಅಷ್ಟೇ ಅಥವಾ ಇನ್ನೂ ಹೆಚ್ಚು. ಯಾವ ಕಾರ್ಖಾನೆಯ ಹೊಗೆಯೂ ಸೋಂಕದ, ಯಾವ ಗೊಬ್ಬರವೂ ಬೀಳದ ಕಾಡುನೆಲದಲ್ಲಿಯೂ, ಅಡಿಯ ಕಲ್ಲು ಈ ಜಾತಿಯದಾದರೆ, ಮೇಲಿನ ಮಣ್ಣು ನಿಕ್ಕಲ್ಲಿನಿಂದಲೂ ಕ್ರೋಮಿಯಮ್ಮಿನಿಂದಲೂ ತುಂಬಿರುತ್ತದೆ. ಮಣ್ಣಿನಲ್ಲಿ ಲೋಹವಿಷ ಕಂಡೊಡನೆ ನಾವು ಸುತ್ತ ಚಿಮಣಿಗಾಗಿ ಹುಡುಕುತ್ತೇವೆ. ಹುಡುಕಬೇಕಾದದ್ದೇ. ಆದರೆ ಕೆಳಗೂ ಒಮ್ಮೆ ನೋಡಬೇಕು.

ಕಲ್ಲು ಮಣ್ಣಾಗುವುದು ಹೇಗೆ? ಮಳೆನೀರು ಆಕಾಶದಿಂದ ಇಳಿಯುವಾಗ ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬಹು ಸೌಮ್ಯವಾದ ಒಂದು ಆಮ್ಲವಾಗುತ್ತದೆ. ನೆಲದಲ್ಲಿ ಬೇರುಗಳ ಉಸಿರು, ಕೊಳೆತ ಎಲೆಗಳ ರಸ ಅದಕ್ಕೆ ಕೂಡಿಕೊಳ್ಳುತ್ತವೆ. ಬಂಡೆಯ ಬಿರುಕಿನಲ್ಲಿ ನಿಂತ ಈ ನೀರು ಖನಿಜಗಳನ್ನು ಒಂದೊಂದಾಗಿ ಬಿಚ್ಚುತ್ತದೆ. ಫೆಲ್ಸ್ಪಾರ್ ಜೇಡಿಯಾಗುತ್ತದೆ, ಬೆಣಚು ಯಾರ ಮಾತನ್ನೂ ಕೇಳದೆ ಮರಳಾಗಿ ಉಳಿಯುತ್ತದೆ, ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಕೊಡುತ್ತದೆ. ಹಳಗನ್ನಡದಲ್ಲಿ ಕಿಸು ಎಂದರೆ ಕೆಂಪು. ಪಟ್ಟದಕಲ್ಲಿಗೆ ಕಿಸುವೊಳಲ್ ಎಂದೂ ಅದರ ಸುತ್ತಣ ನಾಡಿಗೆ ಕಿಸುಕಾಡು ಎಂದೂ ಹೆಸರಿಟ್ಟವರು ನೋಡಿದ್ದು, ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಕಬ್ಬಿಣದ ತುಕ್ಕನ್ನು. ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷಗಳು ಬೇಕು. ಗಟ್ಟಿ ಬಂಡೆಯಾದರೆ ಸಾವಿರಾರು. ದತ್ತಿಯನ್ನು ಆಚಂದ್ರಾರ್ಕಸ್ಥಾಯಿಯೆಂದು ಕಲ್ಲಿನ ಮೇಲೆ ಬರೆಸಿದವರು ಕಲ್ಲನ್ನು ಶಾಶ್ವತವೆಂದು ನಂಬಿದ್ದು ಮನುಷ್ಯನ ಲೆಕ್ಕದಲ್ಲಿ ಸರಿಯೇ. ಆದರೂ ಮಳೆಗೆ ಒಡ್ಡಿಕೊಂಡ ಶಾಸನಗಳ ಕೊನೆಯ ಸಾಲುಗಳನ್ನು ಓದಲು ಕಣ್ಣು ಕಿರಿದು ಮಾಡಿದವರಿಗೆಲ್ಲ ಕಲ್ಲು ಸವೆಯುತ್ತದೆಂಬುದು ಗೊತ್ತು.

ಕಬ್ಬಿಣದ ಆ ತುಕ್ಕು ಬಣ್ಣ ಕೊಟ್ಟು ಸುಮ್ಮನಾಗುವುದಿಲ್ಲ. ಬಿಚ್ಚಿಕೊಂಡ ನಿಕ್ಕಲ್, ಆರ್ಸೆನಿಕ್, ಸೀಸ ಮೊದಲಾದವುಗಳನ್ನು ತನ್ನ ಮೈಗೆ ಅಂಟಿಸಿಕೊಂಡು ಹಿಡಿದಿಡುತ್ತದೆ. ಜೇಡಿಯೂ ಹಾಗೆಯೇ. ಹೀಗೆ ಕಲ್ಲಿನ ಸೆರೆಯಿಂದ ಹೊರಬಿದ್ದ ಲೋಹ ಮಣ್ಣಿನ ಕಾವಲಿಗೆ ಒಳಗಾಗುತ್ತದೆ. ಕಾವಲು ಬಿಗಿಯಾಗಿರುವವರೆಗೆ ಮಣ್ಣಿನಲ್ಲಿ ಎಷ್ಟು ಲೋಹವಿದ್ದರೂ ಜೋಳದ ತೆನೆಗೆ ಅದು ಏರುವುದಿಲ್ಲ, ಬಾವಿಯ ನೀರಿಗೆ ಇಳಿಯುವುದಿಲ್ಲ. ಒಟ್ಟು ಮೊತ್ತವೆಷ್ಟು ಎಂಬ ಪ್ರಶ್ನೆಗಿಂತ ಅದರಲ್ಲಿ ಸಡಿಲವಾದದ್ದೆಷ್ಟು ಎಂಬ ಪ್ರಶ್ನೆಯೇ ದೊಡ್ಡದು. ಇದೊಂದನ್ನು ನೆನಪಿಟ್ಟರೆ ಮುಂದಿನ ಮಾತುಗಳು ಸುಲಭವಾಗುತ್ತವೆ.

ಮಣ್ಣು ಹುಟ್ಟಿದಲ್ಲೇ ಇರುವುದೂ ಇಲ್ಲ. ಮಳೆಗೆ ಗುಡ್ಡದಿಂದ ಇಳಿದು, ಹಳ್ಳ ಸೇರಿ, ಕೆರೆಯ ತಳದಲ್ಲಿ ಕೂರುತ್ತದೆ. ಕೆರೆಯೆಂಬುದು ತನ್ನ ಜಲಾನಯನದ ಕಲ್ಲುಗಳೆಲ್ಲದರ ಲೆಕ್ಕಪುಸ್ತಕ. ಬೇಸಗೆಯಲ್ಲಿ ಒಣಗಿದ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ರೈತ, ಅಲ್ಲಿಯವರೆಗೆ ಹರಿದುಹೋದ ಸತ್ತ್ವವನ್ನು ಮರಳಿ ತರುತ್ತಾನೆ. ಜೊತೆಗೆ ಆ ಗುಡ್ಡದ ಲೋಹವನ್ನೂ ತರುತ್ತಾನೆ. ಹೆಚ್ಚಿನ ಕಡೆ ಇದು ಒಳ್ಳೆಯದೇ. ಸತು, ತಾಮ್ರ, ಮ್ಯಾಂಗನೀಸುಗಳು ಬೆಳೆಗೆ ಬೇಕು. ಸತು ಸಾಲದೆ ಭತ್ತದ ಎಲೆ ತುಕ್ಕುಬಣ್ಣಕ್ಕೆ ತಿರುಗುವ ರೋಗವನ್ನು ಪಂತನಗರದಲ್ಲಿ 1966ರಲ್ಲಿ ಗುರುತಿಸಿದರು. ಲೋಹವೆಂದರೆ ವಿಷವೆಂಬ ಸಮೀಕರಣ ನಿಲ್ಲುವುದಿಲ್ಲ.

ಗೆದ್ದಲು ಇನ್ನೊಂದು ಸಾಗಣೆದಾರ. ಆಳದ ಮಣ್ಣನ್ನು ಕಣಕಣವಾಗಿ ಹೊತ್ತು ಮೇಲಕ್ಕೆ ತಂದು ಹುತ್ತ ಕಟ್ಟುತ್ತದೆ. ಆಫ್ರಿಕದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಚಿನ್ನ ಹುಡುಕುವವರು ಹುತ್ತದ ಮಣ್ಣನ್ನು ಪರೀಕ್ಷಿಸುವುದುಂಟು. ಹುತ್ತವನ್ನು ನೋಡಿ ನೆಲದಾಳವನ್ನು ಊಹಿಸುವ ವಿದ್ಯೆ ನಮಗೆ ಹೊಸತಲ್ಲ. ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲ ಪ್ರಕರಣ ಮರ, ಹುತ್ತ, ಮಣ್ಣಿನ ಬಣ್ಣಗಳಿಂದ ನೀರಿನ ಸೆಲೆಯನ್ನು ಹೇಳುತ್ತದೆ. ನಮ್ಮ ಚಾವುಂಡರಾಯನ ಲೋಕೋಪಕಾರದಲ್ಲಿಯೂ ಜಲಶೋಧನೆಗೆ ಒಂದು ಪ್ರಕರಣ ಮೀಸಲಾಗಿದೆ. ಅದು 1025ರ ಸುಮಾರಿನ ಕೃತಿ. ಬಾಗಳಿಯ ಶಾಸನದಿಂದ ನಾಲ್ಕು ದಶಕಗಳ ದೂರ, ಅದೇ ಚಾಲುಕ್ಯರ ಕಾಲ. ಆ ಗ್ರಂಥವನ್ನು ಮೂಢನಂಬಿಕೆಯ ಕಂತೆಯೆಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಅದರಲ್ಲಿರುವುದೆಲ್ಲ ವಿಜ್ಞಾನವೆಂದು ಎದೆತಟ್ಟಿಕೊಳ್ಳುವವರ ಗುಂಪಿಗೂ ಅಲ್ಲ. ಮೇಲ್ಮೈಯನ್ನು ನೋಡಿ ಆಳವನ್ನು ಓದಬಹುದೆಂಬ ಅದರ ನಂಬುಗೆ ಮಾತ್ರ ಗಟ್ಟಿಯಾದದ್ದು.

ಕಪ್ಪುಹಸಿರು ಶಿಲೆಗಳ ನೆಲವನ್ನು ಹಾಗೆ ಓದಬೇಕೆಂದರೆ ಹಾಸನ ಜಿಲ್ಲೆಯ ನುಗ್ಗೇಹಳ್ಳಿಗೆ ಹೋಗಬೇಕು. ಅಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಕೈವಾಡ ಅಲ್ಲಿನ ಗೋಡೆಗಳಲ್ಲಿದೆ. ಭೂವಿಜ್ಞಾನಿಗಳಿಗೆ ಮಾತ್ರ ನುಗ್ಗೇಹಳ್ಳಿಯೆಂದರೆ ಒಂದು ಶಿಲಾಪಟ್ಟಿಯ ಹೆಸರು. ಅದೇ ಪಟ್ಟಿಯ ಬೈರಾಪುರದಲ್ಲಿ ಕ್ರೋಮೈಟ್ ಅದಿರಿನ ಗಣಿಗಾರಿಕೆ ನಡೆದದ್ದು ಪ್ರಸಿದ್ಧ. ಕ್ರೋಮೈಟ್ ಬಹಳ ಹಟಮಾರಿ ಖನಿಜ. ಸುತ್ತಣ ಕಲ್ಲೆಲ್ಲ ಮಣ್ಣಾದರೂ ಅದು ಕಪ್ಪು ಮರಳಿನಂತೆ ಉಳಿಯುತ್ತದೆ. ಹಾಗೆ ಉಳಿದ ಕ್ರೋಮಿಯಮ್ಮಿನಿಂದ ಹೆಚ್ಚಿನ ಭಯವಿಲ್ಲ. ಅದೇ ಧಾತು ಮಣ್ಣಿನೊಳಗಿನ ಮ್ಯಾಂಗನೀಸ್ ಆಕ್ಸೈಡಿನ ಸಹವಾಸದಿಂದ ತನ್ನ ಇನ್ನೊಂದು ರೂಪಕ್ಕೆ ತಿರುಗಿದರೆ ನೀರಿನಲ್ಲಿ ಕರಗುತ್ತದೆ, ವಿಷವಾಗುತ್ತದೆ. ಅದಿರನ್ನು ಅಗೆದು ಪುಡಿಮಾಡಿ ಗುಡ್ಡೆ ಹಾಕಿದಾಗ, ನಿಸರ್ಗ ಸಾವಿರ ವರ್ಷಗಳಲ್ಲಿ ಬಿಡಿಸುತ್ತಿದ್ದ ಗಂಟನ್ನು ನಾವು ಒಂದು ಮಳೆಗಾಲಕ್ಕೆ ಬಿಡಿಸಿಕೊಟ್ಟಂತಾಗುತ್ತದೆ.

ಶಾಂತಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದ ಸುಮಾರು ಮೂರನೆಯ ಒಂದು ಭಾಗ ಇಂಥದೇ ನೆಲ. ಅಲ್ಲಿ ಒಂದು ಮರವಿದೆ. ಅದರ ತೊಗಟೆ ಕೊಯ್ದರೆ ನೀಲಿಹಸಿರು ಬಣ್ಣದ ಹಾಲು ಸುರಿಯುತ್ತದೆ. ಒಣಗಿಸಿದ ಆ ಹಾಲಿನ ಕಾಲುಭಾಗದಷ್ಟು ನಿಕ್ಕಲ್ ಎಂದು 1976ರಲ್ಲಿ ಪ್ರಕಟವಾಯಿತು. ಬೇರೆ ಗಿಡಗಳು ಸಾಯುವ ನೆಲದಲ್ಲಿ ಈ ಮರ ವಿಷವನ್ನೇ ಉಂಡು ಬಾಳುತ್ತದೆ. ನಂಜುಂಡನ ಕಥೆಯನ್ನು ಬಲ್ಲ ನಮಗೆ ಆಶ್ಚರ್ಯವಾಗಬೇಕಾಗಿಲ್ಲ.

ಮರ ಉಂಡು ಬಾಳಬಹುದು, ಮಕ್ಕಳಿಗೆ ಸಾಧ್ಯವಿಲ್ಲ. ಇಲ್ಲಿಂದ ಮುಂದಿನ ಮಾತು ನಮ್ಮ ಜೋಳದ ನಾಡಿಗೆ ಹತ್ತಿರವಾದದ್ದು. ಮಣ್ಣಿನ ಕಾವಲನ್ನು ಸಡಿಲಿಸುವ ಬೀಗದ ಕೈ ಒಂದೇ ಅಲ್ಲ. ಮಣ್ಣು ಹುಳಿಯಾದರೆ, ಅಂದರೆ ಆಮ್ಲಗುಣ ಹೆಚ್ಚಿದರೆ, ನಿಕ್ಕಲ್, ಸತು, ಕ್ಯಾಡ್ಮಿಯಂ ಬಿಡುಗಡೆಯಾಗುತ್ತವೆ. ಮಣ್ಣು ಕ್ಷಾರವಾದರೆ, ನಮ್ಮ ಆಡುಮಾತಿನಲ್ಲಿ ಸವಳಾದರೆ, ಅವು ಮತ್ತೆ ಸೆರೆಗೆ ಹೋಗುತ್ತವೆ. ಆದರೆ ಅದೇ ಸವಳು ಮಾಲಿಬ್ಡಿನಮ್, ಆರ್ಸೆನಿಕ್ ಮುಂತಾದವುಗಳ ಬೀಗವನ್ನು ತೆರೆಯುತ್ತದೆ. ಒಬ್ಬನನ್ನು ಕಟ್ಟಿಹಾಕುವ ಹಗ್ಗ ಇನ್ನೊಬ್ಬನಿಗೆ ಏಣಿಯಾಗುವ ನ್ಯಾಯ.

1970ರ ದಶಕದ ಮೊದಲಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವೈದ್ಯರು ನಲ್ಗೊಂಡ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ವಿಚಿತ್ರ ರೋಗವನ್ನು ಕಂಡರು. ಹದಿಹರೆಯದವರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು, ನಡಿಗೆ ತಪ್ಪುತ್ತಿತ್ತು. ಆ ಪ್ರದೇಶದ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಬಹು ಹಿಂದಿನಿಂದ ತಿಳಿದಿತ್ತು. ನೆಲ್ಲೂರು ಸೀಮೆಯಲ್ಲಿ ಫ್ಲೋರೈಡಿನಿಂದ ಬೆನ್ನು ಸೆಟೆದುಹೋಗುವ ರೋಗದ ವಿಷಯ 1937ರಲ್ಲಿಯೇ ಬರೆಯಲ್ಪಟ್ಟಿತ್ತು. ಆದರೆ ಅದು ವಯಸ್ಸಾದವರ ರೋಗ, ಇದು ಬೆಳೆಯುವ ಮಕ್ಕಳದು. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಎಂಬ ಇಬ್ಬರು ಸಂಶೋಧಕರು 1973ರಲ್ಲಿ ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದಿನ ವರ್ಷಗಳ ಶೋಧನೆಯಲ್ಲಿ ಎಳೆ ಎಳೆಯಾಗಿ ಕಾರಣ ಬಿಡಿಸಿಕೊಂಡಿತು.

ನಾಗಾರ್ಜುನಸಾಗರದ ನೀರು ನಿಂತ ಮೇಲೆ ಸುತ್ತಣ ನೆಲದಡಿಯ ನೀರಿನ ಮಟ್ಟ ಏರಿತು. ಏರಿದ ನೀರಿನೊಡನೆ ಲವಣಗಳೂ ಏರಿ ಮಣ್ಣು ಸವಳಾಯಿತು. ಎಷ್ಟೋ ಕಾಲದಿಂದ ಮಣ್ಣಿನ ಕಾವಲಿನಲ್ಲಿದ್ದ, ಅಡಿಗಲ್ಲಿನಿಂದಲೇ ಬಂದ ಮಾಲಿಬ್ಡಿನಮ್ ಸಡಿಲವಾಯಿತು. ಜೋಳದ ಬೇರು ಅದನ್ನು ಹೀರಿತು. ಆ ಜೋಳವನ್ನು ಉಂಡವರ ಮೈಯಲ್ಲಿ ಮಾಲಿಬ್ಡಿನಮ್ ಹೆಚ್ಚಾಗಿ, ತಾಮ್ರ ಹೊರಬಿದ್ದು ಕಡಮೆಯಾಯಿತು. ಎಲುಬು ಗಟ್ಟಿಯಾಗಲು ತಾಮ್ರ ಬೇಕು. ನೀರಿನ ಫ್ಲೋರೈಡೂ ತಾಮ್ರದ ಕೊರತೆಯೂ ಕೂಡಿ ಮಕ್ಕಳ ಕಾಲನ್ನು ಬಾಗಿಸಿದವು. ಅನ್ನ ಉಣ್ಣುವ ಮನೆಗಳಿಗಿಂತ ಜೋಳವನ್ನೇ ನಂಬಿದ ಮನೆಗಳಲ್ಲಿ ರೋಗ ಹೆಚ್ಚು. ಅಂದರೆ ಬಡವರ ಮನೆಗಳಲ್ಲಿ.

ನಲ್ಗೊಂಡದ ಮಾತು ನಮಗೇಕೆ ಎನ್ನುವಂತಿಲ್ಲ. ಇಂಥದೇ ಪ್ರಕರಣಗಳು ತಮಿಳುನಾಡಿನ ಪರಂಬಿಕುಳಂ ಅಳಿಯಾರ್ ಯೋಜನೆಯ ಪ್ರದೇಶದಿಂದಲೂ ನಮ್ಮ ಹೊಸಪೇಟೆಯ ಅಣೆಕಟ್ಟಿನ ಆಸುಪಾಸಿನಿಂದಲೂ ವರದಿಯಾದವು. 1953ರಲ್ಲಿ ತುಂಗಭದ್ರೆಗೆ ಕಟ್ಟೆ ಬಿದ್ದುದರಿಂದ ಈ ನಾಡಿಗೆ ಬಂದ ಭಾಗ್ಯವನ್ನು ನಾನು ಅಲ್ಲಗಳೆಯುವವನಲ್ಲ. ಆ ಕಾಲುವೆಯ ಅನ್ನವನ್ನು ಉಂಡವರಲ್ಲಿ ನಾನೂ ಒಬ್ಬ. ಹೇಳಬೇಕಾದದ್ದು ಇಷ್ಟೆ: ಅಣೆಕಟ್ಟಿನ ನಕ್ಷೆ ಬರೆದವರ ಲೆಕ್ಕದಲ್ಲಿ ಕಲ್ಲಿನ ಬಲವಿತ್ತು, ನೀರಿನ ಭಾರವಿತ್ತು, ಮುಳುಗುವ ಊರುಗಳ ಪಟ್ಟಿಯಿತ್ತು, ಜೋಳದ ಕಾಳಿನೊಳಗಿನ ತಾಮ್ರಕ್ಕೆ ಅಲ್ಲಿ ಅಂಕಣವಿರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯ ಕೆಲವು ಹುಲ್ಲುಗಾವಲುಗಳಲ್ಲಿ ಮೇದ ದನಗಳು ಭೇದಿಯಾಗಿ ಬಡಕಲಾಗಲು ಮಾಲಿಬ್ಡಿನಮ್ಮೇ ಕಾರಣವೆಂದೂ ಅದಕ್ಕೆ ತಾಮ್ರವೇ ಮದ್ದೆಂದೂ 1938ರ ಸುಮಾರಿಗೆ ತಿಳಿದಿತ್ತು ನಿಜ. ದನದ ವೈದ್ಯರ ಪುಸ್ತಕವನ್ನು ಅಣೆಕಟ್ಟಿನ ಎಂಜಿನಿಯರು ಓದಬೇಕೆಂದು ಯಾರು ಹೇಳಬೇಕು?

ಇನ್ನು ಕೊಳವೆ ಬಾವಿಯ ಮಾತು. ಹರಪನಹಳ್ಳಿ ತಾಲ್ಲೂಕಿನ ಬಹುಭಾಗದ ಅಡಿಗಲ್ಲು ಬಳಪದ ಕಲ್ಲಲ್ಲ, ನೈಸ್ ಮತ್ತು ಗ್ರಾನೈಟು. ಗುಡಿಗೆ ಆರಿಸಿದ ಕಲ್ಲು ಒಂದು ಜಾತಿ, ನೆಲ ಹೊತ್ತ ಕಲ್ಲು ಇನ್ನೊಂದು. ಗ್ರಾನೈಟು ನಿಕ್ಕಲ್, ಕ್ರೋಮಿಯಮ್ಮುಗಳಲ್ಲಿ ಬಡವ; ಯುರೇನಿಯಂ, ಫ್ಲೋರೈಡುಗಳಲ್ಲಿ ಅಲ್ಲ. ಸೇದುವ ಬಾವಿಯ ನೀರು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿರುವ, ಮಳೆಗೆ ತುಂಬಿ ಬೇಸಗೆಗೆ ಇಳಿಯುವ ನೀರು. ಕೊಳವೆ ಬಾವಿಯದು ಹಾಗಲ್ಲ. ನೂರಾರು ಅಡಿ ಆಳದ ಬಿರುಕುಗಳಲ್ಲಿ ವರ್ಷಾನುವರ್ಷ ಕಲ್ಲಿಗೆ ಮೈಯೊತ್ತಿ ನಿಂತ ನೀರು ಅದು. ನಿಂತಷ್ಟೂ ಕಲ್ಲಿನ ಋಣ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿಯಂತೆ, ಅವುಗಳಲ್ಲಿ ಹೆಚ್ಚಿನ ಹಳ್ಳಿಗಳ ನೀರಿನಲ್ಲಿ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಲೀಟರಿಗೆ 30 ಮೈಕ್ರೋಗ್ರಾಮಿನ ಮಿತಿಯನ್ನು ದಾಟಿತ್ತು. ಅಲ್ಲಿ ಯಾರೂ ಯುರೇನಿಯಂ ಕಾರ್ಖಾನೆ ಕಟ್ಟಿರಲಿಲ್ಲ. ಬಾವಿ ಕೊರೆದಿದ್ದರು, ಅಷ್ಟೆ.

ಆರ್ಸೆನಿಕ್ಕಿನ ಉದಾಹರಣೆ ಇನ್ನೂ ಕಠೋರವಾದದ್ದು. ಬಂಗಾಳದಲ್ಲಿ ಹಿಮಾಲಯದ ಕಲ್ಲು ನದಿಗಳಲ್ಲಿ ಸವೆದು ಬಂದು ಹರವಿದ ಮೆಕ್ಕಲಿನಲ್ಲಿ ಆರ್ಸೆನಿಕ್ ಕಬ್ಬಿಣದ ತುಕ್ಕಿಗೆ ಅಂಟಿ ಮಲಗಿತ್ತು. ಗಾಳಿಯಾಡದ ಆಳದಲ್ಲಿ ಆ ತುಕ್ಕೇ ಕರಗಿ, ಕಾವಲುಗಾರನೊಡನೆ ಕೈದಿಯೂ ನೀರಿಗೆ ಇಳಿದ. ಕೆರೆಕುಂಟೆಗಳ ಕೊಳಕು ನೀರಿನಿಂದ ಕಾಲರಾ ಬಾರದಿರಲೆಂದು ಹಾಕಿಸಿಕೊಟ್ಟ ಕೊಳವೆ ಬಾವಿಗಳಿಂದಲೇ ಆ ನೀರು ಮೇಲೆ ಬಂತು. ಕಲ್ಕತ್ತೆಯ ಚರ್ಮವೈದ್ಯ ಕೆ. ಸಿ. ಸಹಾ 1983ರಲ್ಲಿ ರೋಗಿಗಳ ಅಂಗೈ ಅಂಗಾಲುಗಳ ಕಲೆಗಳನ್ನು ನೋಡಿ ಗುರುತಿಸುವವರೆಗೆ ಅದು ಕುಷ್ಠವೆಂದೋ ಶಾಪವೆಂದೋ ನಡೆದಿತ್ತು. ನಮ್ಮಲ್ಲಿ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಕಥೆ ಇದಕ್ಕೆ ತಂಗಿ. ಚಿನ್ನವಿರುವ ಮಂಗಳೂರು ಶಿಲಾಪಟ್ಟಿ ಅಲ್ಲಿದೆ. ನಮ್ಮ ಕರಾವಳಿಯ ಮಂಗಳೂರಲ್ಲ, ಸುರಪುರದ ಕಡೆಯದು. ಚಿನ್ನದ ಜೊತೆಗೆ ಆರ್ಸೆನಿಕ್ ಮತ್ತು ಗಂಧಕ ಕೂಡಿದ ಖನಿಜವೂ ಇರುವುದು ಇಂಥ ಪಟ್ಟಿಗಳಲ್ಲಿ ಸಾಮಾನ್ಯ. ಗಾಳಿ ನೀರು ತಗುಲಿ ಆ ಖನಿಜ ಬಿಚ್ಚಿಕೊಂಡು ಕುಡಿಯುವ ನೀರನ್ನು ಸೇರಿತು. ಜಾದವಪುರ ವಿಶ್ವವಿದ್ಯಾಲಯದ ತಂಡ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಾಂಡಾದ ಬಹುಮಂದಿಯ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳಿದ್ದುದು ದಾಖಲಾಗಿದೆ. ಪಾಷಾಣ ಎಂಬ ಪದದ ಎರಡು ಅರ್ಥಗಳನ್ನೂ ಆ ಜನ ನಿಘಂಟಿನ ನೆರವಿಲ್ಲದೆ ಮೈಮೇಲೆ ತಿಳಿದರು.

ಕಲ್ಲೇ ವಿಷದ ಮೂಲವೆಂದು ಹೇಳುವಾಗ ನನ್ನ ಮನಸ್ಸಿನಲ್ಲಿ ಒಂದು ಅಳುಕಿದೆ, ಅದನ್ನು ಬಿಚ್ಚಿ ಹೇಳಬೇಕು. ಗಣಿಯ ದೂಳು ಹೊಲಕ್ಕೆ ಬಿದ್ದು ರೈತ ದೂರು ಕೊಟ್ಟಾಗ, ‘ಇದೆಲ್ಲ ನಿಮ್ಮ ನೆಲದಲ್ಲಿ ಮೊದಲಿನಿಂದಲೂ ಇದ್ದದ್ದೇ, ನಿಸರ್ಗದ ಕೊಡುಗೆ’ ಎಂದು ಹೇಳಿ ಕೈತೊಳೆದುಕೊಳ್ಳಲು ಈ ಶಾಸ್ತ್ರ ಬಹಳ ಅನುಕೂಲ. ಬಳ್ಳಾರಿ ಸಂಡೂರುಗಳ ಸುತ್ತ ಬಾಳಿದವರಿಗೆ ಈ ಮಾತಿನ ರುಚಿ ಗೊತ್ತು. ಇದಕ್ಕೆ ಉತ್ತರ ಸಿಟ್ಟಲ್ಲ, ಲೆಕ್ಕ. ಅಗೆಯುವ ಮುನ್ನ ಆ ನೆಲದ ಮಣ್ಣಿನಲ್ಲಿ, ಬಾವಿಯಲ್ಲಿ ಏನೇನು ಎಷ್ಟೆಷ್ಟಿತ್ತೆಂದು ಅಳೆದು ಬರೆದಿಟ್ಟಿದ್ದರೆ, ನಿಸರ್ಗದ ಪಾಲು ಯಾವುದು, ಮನುಷ್ಯನ ಪಾಲು ಯಾವುದು ಎಂದು ಬೇರ್ಪಡಿಸಬಹುದು. ಹಳೆಯ ದಾನಶಾಸನಗಳು ಭೂಮಿಯನ್ನು ಸುಮ್ಮನೆ ಭೂಮಿಯೆನ್ನದೆ ಇಷ್ಟು ಮತ್ತರು ಎರೆ, ಇಷ್ಟು ಗದ್ದೆ, ಇಷ್ಟು ಬೆದ್ದಲು ಎಂದು ವಿಂಗಡಿಸಿ, ನಾಲ್ಕು ದಿಕ್ಕಿನ ಎಲ್ಲೆ ಹೇಳಿ ಬರೆಯುತ್ತಿದ್ದವು. ಜಗಳ ಬಂದಾಗ ತೋರಿಸಲು ಒಂದು ಕಲ್ಲು ಇರಲೆಂದು. ಇಂದಿನ ಪಹಣಿಯಲ್ಲಿ ಮಣ್ಣಿನ ಬಗೆಗೆ ಒಂದು ಕಾಲಂ ಇದೆ. ಅದು ಕೆಂಪೋ ಕಪ್ಪೋ ಎಂಬಲ್ಲಿಗೆ ನಿಲ್ಲುತ್ತದೆ.

ಹಳ್ಳಿಗಳಲ್ಲಿ ಈ ವಿಷಯ ಎತ್ತಿದರೆ ಬರುವ ಮೊದಲ ಮಾತು, ‘ನೀರು ಕನ್ನಡಿ ಇದ್ದಂಗೈತ್ರಿ ಸಾರ್’ ಎಂಬುದು. ಆರ್ಸೆನಿಕ್ಕಿಗೆ ಬಣ್ಣವಿಲ್ಲ, ಯುರೇನಿಯಮ್ಮಿಗೆ ವಾಸನೆಯಿಲ್ಲ, ಮಾಲಿಬ್ಡಿನಮ್ಮಿಗೆ ರುಚಿಯಿಲ್ಲ. ಪಂಚಾಯಿತಿಗಳಿಗೆ ಕೊಟ್ಟಿರುವ ಪರೀಕ್ಷೆಯ ಪೆಟ್ಟಿಗೆಗಳು ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್‌ಗಳನ್ನು ತೋರಿಸಬಲ್ಲವು, ಯುರೇನಿಯಮ್ಮನ್ನು ತೋರಿಸಲಾರವು. ಅದಕ್ಕೆ ಪ್ರಯೋಗಾಲಯವೇ ಬೇಕು. ಒಂದು ಊರಿನ ಒಂದು ಬಾವಿಯನ್ನು ನೋಡಿ ಊರಿಗೆಲ್ಲ ತೀರ್ಪು ಕೊಡುವಂತೆಯೂ ಇಲ್ಲ. ಬಿರುಕು ಬೇರೆಯಾದರೆ ನೀರೂ ಬೇರೆ, ನೂರು ಮಾರು ದೂರದಲ್ಲಿಯೇ ಅಮೃತವೂ ವಿಷವೂ ಇರಬಹುದು. ಆದುದರಿಂದ ಬಾವಿಬಾವಿಯನ್ನೂ ಬೇರೆಬೇರೆಯಾಗಿ, ಮಳೆಗೆ ಮೊದಲು ಒಮ್ಮೆ, ಮಳೆಯ ಮೇಲೆ ಒಮ್ಮೆ ಪರೀಕ್ಷಿಸಿ, ಅಂಕೆಯನ್ನು ಬಾವಿಯ ಬಳಿಯೇ ಬಣ್ಣದಲ್ಲಿ ಬರೆಸಬೇಕು. ಬಂಗಾಳದಲ್ಲಿ ಕೆಟ್ಟ ಬಾವಿಯ ಬಾಯಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಳಿದರು. ಓದು ಬಾರದವರಿಗೂ ಅದು ತಿಳಿಯಿತು. ತುಂಬುವ ಕೆರೆಯಿದ್ದರೆ ಅದನ್ನು ಉಳಿಸಿಕೊಳ್ಳುವುದು ಇನ್ನೂ ಮೇಲು. ಕೆರೆಯ ನೀರಿಗೆ ಕಲ್ಲಿನ ಸಹವಾಸ ಕಡಮೆ. ಅದರಲ್ಲಿರುವ ಕ್ರಿಮಿಗಳನ್ನು ಕುದಿಸಿ ಕೊಲ್ಲಬಹುದು, ಲೋಹವನ್ನು ಕುದಿಸಿ ಕೊಲ್ಲಲಾಗದು.

ಈಗ ಅನೇಕ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಕೆಲವು ನಾಣ್ಯ ಹಾಕಿದರೆ ಒಂದು ಕ್ಯಾನು ನೀರು ಬರುತ್ತದೆ. ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಆ ಯಂತ್ರ ಲೋಹಗಳ ಬಹುಪಾಲನ್ನು ತಡೆಯುತ್ತದೆಂಬುದು ನಿಜ. ಕೆಟ್ಟು ನಿಲ್ಲದೆ ನಡೆದರೆ ದೊಡ್ಡ ಉಪಕಾರವೇ. ಆದರೆ ಅದು ವಿಷವನ್ನು ಸುಡುವುದಿಲ್ಲ, ಬೇರ್ಪಡಿಸುತ್ತದೆ. ಕುಡಿಯುವ ನೀರು ಕ್ಯಾನಿಗೆ ಬರುವಾಗ, ಹಿಂದೆ ಉಳಿದ ದಪ್ಪ ನೀರು ಇನ್ನೊಂದು ಕೊಳವೆಯಿಂದ ಹೊರಬೀಳುತ್ತದೆ. ಆ ಕೊಳವೆ ಎಲ್ಲಿಗೆ ಹೋಗುತ್ತದೆಂದು ತಮ್ಮ ತಮ್ಮ ಊರುಗಳಲ್ಲಿ ಒಮ್ಮೆ ನೋಡಿ ಬನ್ನಿ. ನಾನು ನೋಡಿದ ಕಡೆಗಳಲ್ಲಿ ಅದು ಘಟಕದ ಹಿಂದಿನ ಚರಂಡಿಗೆ ಬಿದ್ದು, ಅಲ್ಲಿಂದ ತಗ್ಗಿನ ಹೊಲಕ್ಕೆ ಹರಿಯುತ್ತಿತ್ತು. ಒಂದು ಕಡೆ ಆ ನೀರಿನಲ್ಲಿ ಯಾರೋ ಕೊತ್ತಂಬರಿ ಸೊಪ್ಪು ಬೆಳೆದುಕೊಂಡಿದ್ದರು. ಬಲು ಹುಲುಸಾಗಿ ಬಂದಿತ್ತು.